ಪಿಸ್ತೂಲಿನ ಎರಕದ ಗುಂಡು ಎಷ್ಟು ಗಡಸಾಗಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಸೀಸ ಕರಗಿಸಿ ಗುಂಡು ಎರಕ ಹೊಯ್ದು, ತೋಟಾಗಳನ್ನು ತಾವೇ ತುಂಬಿಕೊಳ್ಳುವ ಪರವಾನಗಿದಾರ ಶೂಟರ್‌ಗಳಿಗಾಗಿ ಈ ಪುಟ. ಮೊದಲು ನಾಲ್ಕು ಪದಗಳು: ಇಲ್ಲಿ ಗುಂಡು ಅಂದರೆ ಬ್ಯಾರಲ್‌ನಿಂದ ಹಾರುವ ಸೀಸದ ತುಂಡು ಮಾತ್ರ, ಕೇಸ್ ಅಂದರೆ ಹಿತ್ತಾಳೆಯ ಚಿಪ್ಪು, ಮದ್ದು ಅಂದರೆ ಒಳಗಿನ ಪುಡಿ, ಇವೆಲ್ಲ ಸೇರಿದ್ದು ತೋಟಾ. ಇನ್ನೊಂದು, ವರ್ಕ್‌ಶಾಪಿನವರ ಮಾತಿನ "ಥೌ": ಇಂಚಿನ ಸಾವಿರದ ಒಂದು ಭಾಗ, ಸುಮಾರು 0.025 ಮಿಮೀ. ಈ ಪುಟದ ಅರ್ಧ ಮಾತು ಥೌಗಳ ಲೆಕ್ಕದಲ್ಲೇ ನಡೆಯುತ್ತದೆ.

ಗಡಸುತನವನ್ನು ಯಾವ ಸಂಖ್ಯೆಯಲ್ಲಿ ಹೇಳುತ್ತಾರೆ?

ಬ್ರಿನೆಲ್ ಸಂಖ್ಯೆಯಲ್ಲಿ, ಚುಟುಕಾಗಿ ಬಿಎಚ್‌ಎನ್. ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ 1900ರಲ್ಲಿ ಮುಂದಿಟ್ಟ ವಿಧಾನ ಇದು. ಗೊತ್ತಾದ ಅಳತೆಯ ಗಟ್ಟಿ ಗೋಲಿಯನ್ನು ಗೊತ್ತಾದ ಭಾರದಲ್ಲಿ ಲೋಹಕ್ಕೆ ಒತ್ತಬೇಕು, ಬಿದ್ದ ಗುಳಿಯ ಅಗಲವನ್ನು ಅಳೆಯಬೇಕು. ಗುಳಿ ಸಣ್ಣದಾದಷ್ಟೂ ಲೋಹ ಗಡಸು. ಎರಕದವರ ಕೈಗೆ ಸಾಮಾನ್ಯವಾಗಿ ಬರುವ ಮಿಶ್ರಣಗಳು ಹೀಗಿವೆ:

- ಶುದ್ಧ ಸೀಸ: 5
- 40 ಭಾಗ ಸೀಸಕ್ಕೆ 1 ಭಾಗ ತವರ: ಸುಮಾರು 8
- 20 ಭಾಗ ಸೀಸಕ್ಕೆ 1 ಭಾಗ ತವರ: ಸುಮಾರು 10
- ಕ್ಲಿಪ್ ಇರುವ ಸೀಸದ ವೀಲ್ ವೇಟ್ (ವಾಹನದ ಚಕ್ರದ ಸಮತೋಲಕ್ಕೆ ಸಿಕ್ಕಿಸುವ ತೂಕ): 11ರಿಂದ 12
- ಹಾರ್ಡ್‌ಬಾಲ್ ಮಿಶ್ರಣ (ಸೀಸ 92, ಆಂಟಿಮನಿ 6, ತವರ 2): 15ರ ಆಸುಪಾಸು
- ಲೈಮನ್ ನಂಬರ್ 2 (ಸೀಸ 90, ಆಂಟಿಮನಿ 5, ತವರ 5): ಸುಮಾರು 15
- ಲೈನೋಟೈಪ್, ಹಳೆಯ ಮುದ್ರಣಾಲಯಗಳ ಅಕ್ಷರದ ಲೋಹ (ಸೀಸ 84, ಆಂಟಿಮನಿ 12, ತವರ 4): ಸುಮಾರು 22

ಚಕ್ರಕ್ಕೆ ಅಂಟಿಸುವ ಪಟ್ಟಿಯಂಥ ವೀಲ್ ವೇಟ್‌ಗಳು ಬೇರೆಯೇ ಜಾತಿ. ಸೀಸದವಾದರೆ ಅವು ಬಹುತೇಕ ಮೆದು ಸೀಸ, 6ರ ಆಸುಪಾಸು. ಕ್ಲಿಪ್‌ನವುಗಳ ಜೊತೆ ಬೆರೆಸಿ ಕರಗಿಸಿದರೆ ಲೆಕ್ಕ ತಪ್ಪುತ್ತದೆ.

ಉದ್ದ ವಿವರಣೆ ಆಮೇಲೆ. ನನ್ನ ಪಿಸ್ತೂಲಿಗೆ ಎಷ್ಟು ಬೇಕು ಅಷ್ಟು ಹೇಳಿ.

.38 ಸ್ಪೆಷಲ್, .44 ಸ್ಪೆಷಲ್, .45 ಕೋಲ್ಟ್, .32 ಎಸ್ ಅಂಡ್ ಡಬ್ಲ್ಯೂ ಲಾಂಗ್‌ಗಳಲ್ಲಿ ಗುರಿ ಅಭ್ಯಾಸದ ಹಗುರ, ಅಂದರೆ ಕಡಿಮೆ ಒತ್ತಡದ, ತೋಟಾಗಳಿಗೆ 8ರಿಂದ 11. .45 ಎಸಿಪಿಗೆ 10ರಿಂದ 12. 9 ಮಿಮೀ ಮತ್ತು .40ಕ್ಕೆ 12ರಿಂದ 15. ಪೂರ್ಣ ಬಲದ .357 ಮತ್ತು .44 ಮ್ಯಾಗ್ನಮ್‌ಗೆ 12ರಿಂದ 16. ಪಿಸ್ತೂಲಿನಲ್ಲಿ 18 ದಾಟಬೇಕಾದ ಸಂದರ್ಭ ತೀರ ಅಪರೂಪ.

ಆದರೆ ಈ ಸಂಖ್ಯೆಗಳು ಕೆಲಸ ಮಾಡುವುದು ಗುಂಡಿನ ವ್ಯಾಸ ಬ್ಯಾರಲ್‌ಗೆ ಸರಿಹೊಂದಿದಾಗ ಮಾತ್ರ. ವ್ಯಾಸ ಸರಿಯಾಗಿದ್ದರೆ ಗಡಸುತನ ಎರಡು ಮೂರು ಅಂಶ ಆಚೀಚೆ ಆದರೂ ನಡೆಯುತ್ತದೆ. ವ್ಯಾಸ ಒಂದು ಥೌ ಕಡಿಮೆಯಾದರೆ ಯಾವ ಗಡಸುತನವೂ ಕೈಹಿಡಿಯುವುದಿಲ್ಲ.

ಸೀಸ ಗಡಸಾದಷ್ಟೂ ಒಳ್ಳೆಯದಲ್ಲವೇ? ಮೆದು ಸೀಸ ತಾನೇ ಬ್ಯಾರಲ್‌ಗೆ ಮೆತ್ತುವುದು?

ಎಲ್ಲಕ್ಕಿಂತ ಹೆಚ್ಚು ಬ್ಯಾರಲ್ ಕೆಡಿಸಿರುವ ತಪ್ಪು ತಿಳಿವಳಿಕೆ ಇದೇ. ಬ್ಯಾರಲ್ ಒಳಗೆ ಸೀಸ ಮೆತ್ತಿಕೊಳ್ಳಲು ಮುಖ್ಯ ಕಾರಣ ಉಜ್ಜುವಿಕೆ ಅಲ್ಲ, ಗುಂಡಿನ ಪಕ್ಕದಿಂದ ನುಗ್ಗುವ ಬಿಸಿ ಅನಿಲ. ಗುಂಡಿಗೂ ರೈಫ್ಲಿಂಗ್ (ಗುಂಡು ತಿರುಗಲೆಂದು ಬ್ಯಾರಲ್ ಒಳಗೆ ಕೊರೆದ ಸುರುಳಿ) ತೋಡಿನ ತಳಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೂ ಹೆಚ್ಚಿನ ಒತ್ತಡದ ಅನಿಲ ಅದರಲ್ಲಿ ನುಗ್ಗಿ ಗುಂಡಿನ ಅಂಚನ್ನು ಗ್ಯಾಸ್ ಕಟರ್‌ನಂತೆ ಕೊರೆಯುತ್ತದೆ. ಹಾಗೆ ಕೊರೆದ ಸೀಸ ಗುಂಡಿನ ಮುಂದೆ ಉಕ್ಕಿನ ಮೇಲೆ ಹರಡುತ್ತದೆ, ಹಿಂದೆ ಬರುವ ಗುಂಡು ಅದನ್ನು ಇಸ್ತ್ರಿ ಹೊಡೆದಂತೆ ಕೂರಿಸುತ್ತದೆ.

ಮೆದು ಗುಂಡಿಗೆ ಇಲ್ಲಿ ಒಂದು ಅನುಕೂಲವಿದೆ. ಮದ್ದು ಉರಿದು ಹಿಂದಿನಿಂದ ಒತ್ತಿದಾಗ ಅದರ ತಳ ಸ್ವಲ್ಪ ಹಿಗ್ಗಿ ತೋಡುಗಳನ್ನು ತುಂಬುತ್ತದೆ, ಸಂದಿ ತಾನಾಗಿಯೇ ಮುಚ್ಚುತ್ತದೆ. 22 ಬಿಎಚ್‌ಎನ್‌ನ ಲೈನೋಟೈಪ್ ಗುಂಡನ್ನು .38 ಸ್ಪೆಷಲ್‌ನ ಹಗುರ ತೋಟಾದಲ್ಲಿ ಹಾಕಿದರೆ ಆ ಒತ್ತಡಕ್ಕೆ ಅದು ಜಗ್ಗುವುದಿಲ್ಲ. ಸಂದಿ ಹಾಗೆಯೇ ಉಳಿಯುತ್ತದೆ, ಹತ್ತು ಹದಿನೈದು ಸುತ್ತು ಹಾರಿಸುವಷ್ಟರಲ್ಲಿ ಬ್ಯಾರಲ್‌ನ ಹಿಂಭಾಗ ಬೂದುಬಣ್ಣಕ್ಕೆ ತಿರುಗಿರುತ್ತದೆ. ಆಗ ಶೂಟರ್ "ಇನ್ನೂ ಗಡಸು ಬೇಕಿತ್ತು" ಅಂದುಕೊಂಡು ಮತ್ತಷ್ಟು ಆಂಟಿಮನಿ ಸುರಿಯುತ್ತಾನೆ. ಬೇಕಿದ್ದದ್ದು ಒಂದು ಥೌ ದಪ್ಪ ಗುಂಡು, ಇಲ್ಲವೇ ಇನ್ನೂ ಮೆದುವಾದದ್ದು.

ತೀರ ಮೆದುವಾದರೂ ತೊಂದರೆಯೇ. ವೇಗದ ತೋಟಾದಲ್ಲಿ ಅಂಥ ಗುಂಡು ರೈಫ್ಲಿಂಗ್ ಜೊತೆ ತಿರುಗದೆ ಜಾರಿ ನೇರ ಮುನ್ನುಗ್ಗುತ್ತದೆ, ತೋಡುಗಳ ನಡುವಿನ ಏಣುಗಳು ಅದರ ಮೈಯನ್ನು ಸವರಿಹಾಕುತ್ತವೆ.

1422ರಿಂದ ಗುಣಿಸುವ ಸೂತ್ರ ಅಂತಾರಲ್ಲ, ಅದು ನಿಜವೇ?

ಚದರ ಮಿಮೀಗೆ ಒಂದು ಕಿಲೋಗ್ರಾಂ ಬಲ ಅಂದರೆ ಚದರ ಇಂಚಿಗೆ 1,422 ಪೌಂಡ್, ಚುಟುಕಾಗಿ 1,422 ಪಿಎಸ್‌ಐ. ಬ್ರಿನೆಲ್ ಸಂಖ್ಯೆಯನ್ನು ಇದರಿಂದ ಗುಣಿಸಿದರೆ ಆ ಲೋಹ ಮಣಿಯಲು ತೊಡಗುವ ಒತ್ತಡದ ಒಂದು ಅಂದಾಜು ಸಿಗುತ್ತದೆ. 8 ಬಿಎಚ್‌ಎನ್‌ಗೆ 11,400 ಪಿಎಸ್‌ಐ, 12ಕ್ಕೆ ಸುಮಾರು 17,000, 15ಕ್ಕೆ 21,300, 22ಕ್ಕೆ 31,300.

ಗೊಂದಲ ಹುಟ್ಟುವುದು ಇಲ್ಲಿಂದ ಮುಂದೆ. ಈ ಒಂದೇ ಸಂಖ್ಯೆಯನ್ನು ಎರಡು ಪಂಗಡದವರು ಎರಡು ದಿಕ್ಕಿಗೆ ಎಳೆಯುತ್ತಾರೆ. "ಗುಂಡಿನ ತಳ ಹಿಗ್ಗಬೇಕಾದರೆ ಒತ್ತಡ ಕನಿಷ್ಠ ಇಷ್ಟಿರಲಿ" ಎನ್ನುವುದು ಒಂದು ಪಂಗಡ. "ಗುಂಡು ಕೆಡಬಾರದೆಂದರೆ ಒತ್ತಡ ಇದರ ಶೇ. 90 ದಾಟದಿರಲಿ" ಎನ್ನುವುದು ಇನ್ನೊಂದು. ನಮ್ಮ ಅಭಿಪ್ರಾಯದಲ್ಲಿ ಇದನ್ನು ಗೆರೆ ಎಂದು ಹಿಡಿಯದೆ, ಯಾವ ಮಟ್ಟದಲ್ಲಿದ್ದೇವೆ ಎಂದು ತೋರುವ ಕೈಕಂಬ ಎಂದು ಹಿಡಿಯುವುದು ಸರಿ. ಅಮೆರಿಕದ ಬಂದೂಕು-ತೋಟಾ ತಯಾರಕರ ಸಂಸ್ಥೆ ಸಾಮಿ ಇಟ್ಟಿರುವ ಗರಿಷ್ಠ ಒತ್ತಡ .45 ಕೋಲ್ಟ್‌ಗೆ 14,000 ಪಿಎಸ್‌ಐ, .38 ಸ್ಪೆಷಲ್‌ಗೆ 17,000, .45 ಎಸಿಪಿಗೆ 21,000, 9 ಮಿಮೀ ಲೂಗರ್‌ಗೂ .357 ಮ್ಯಾಗ್ನಮ್‌ಗೂ 35,000, .44 ಮ್ಯಾಗ್ನಮ್‌ಗೆ 36,000. ಮೊದಲ ಮೂರಕ್ಕೆ 8ರಿಂದ 12 ಏಕೆ ಹೊಂದುತ್ತದೆ ಎಂಬುದು ಇಲ್ಲೇ ಕಾಣುತ್ತದೆ. 9 ಮಿಮೀಗೆ ಇದೇ ಸೂತ್ರ ಹಿಡಿದರೆ 24ರ ಹತ್ತಿರ ಹೋಗಬೇಕಾಗುತ್ತದೆ, ಆದರೆ 12ರಿಂದ 15ರ ಗುಂಡುಗಳು ಸರಿಯಾದ ವ್ಯಾಸವಿದ್ದರೆ ಅಲ್ಲಿ ಸೊಗಸಾಗಿ ಓಡುತ್ತವೆ. ಗರಿಷ್ಠ ಒತ್ತಡ ಇರುವುದು ಕ್ಷಣದ ಅತಿ ಚಿಕ್ಕ ಪಾಲು ಮಾತ್ರ, ಗುಂಡಿಗೆ ಸುತ್ತಲೂ ಉಕ್ಕಿನ ಆಸರೆಯೂ ಇರುತ್ತದೆ.

ಬ್ಯಾರಲ್ ಅಳತೆ ತೆಗೆಯುವುದು ಹೇಗೆ?

ಬ್ಯಾರಲ್ ಮೂಲಕ ಮೆದು ಸೀಸದ ತುಂಡೊಂದನ್ನು ತಳ್ಳಿ, ಅದರ ಮೇಲೆ ಬಿದ್ದ ಅಚ್ಚನ್ನು ಅಳೆಯಬೇಕು. ಸ್ಲಗ್ಗಿಂಗ್ ಎನ್ನುವುದು ಇದಕ್ಕೇ.

ಆಯುಧ ಖಾಲಿ ಇದೆಯೇ ಎಂದು ಎರಡು ಸಲ ನೋಡಿ. ಪಿಸ್ತೂಲಾದರೆ ಬ್ಯಾರಲ್ ಬಿಚ್ಚಿಕೊಳ್ಳಿ, ರಿವಾಲ್ವರ್ ಆದರೆ ಸಿಲಿಂಡರ್ ತೆಗೆಯಿರಿ. ಬ್ಯಾರಲ್ ಒರೆಸಿ, ಒಳಗೆ ತೆಳುವಾಗಿ ಎಣ್ಣೆ ಸವರಿ. ಬ್ಯಾರಲ್‌ನ ತೋಡಿನ ವ್ಯಾಸಕ್ಕಿಂತ ತುಸು ದಪ್ಪವಿರುವ ಶುದ್ಧ ಸೀಸದ ತುಂಡನ್ನು, ಮೀನು ಹಿಡಿಯುವವರ ಸೀಸದ ಗುಂಡೂ ಆದೀತು, ಬಾಯಿಗೆ ಇಟ್ಟು ನೈಲಾನ್ ಸುತ್ತಿಗೆಯಿಂದ ತಟ್ಟಿ ಒಳಗೆ ಕೂರಿಸಿ. ನಂತರ ಹಿತ್ತಾಳೆ ಅಥವಾ ಮರದ ಕೋಲಿನಿಂದ ನಿಧಾನವಾಗಿ ತಳ್ಳಿ. ಉಕ್ಕಿನ ಸರಳು ಬೇಡ, ರೈಫ್ಲಿಂಗ್‌ಗೆ ಗೀರು ಬೀಳುತ್ತದೆ. ತಳ್ಳುವಾಗ ಕೈಗೆ ಏನು ತಿಳಿಯುತ್ತದೆ ಎಂಬುದನ್ನು ಗಮನಿಸಿ: ಎಲ್ಲಿ ಬಿಗಿ, ಎಲ್ಲಿ ಸಡಿಲ. ರಿವಾಲ್ವರ್‌ನ ಬ್ಯಾರಲ್ ಫ್ರೇಮ್‌ಗೆ ತಿರುಪಿದ ಜಾಗದಲ್ಲಿ ಕೆಲವೊಮ್ಮೆ ಒಳವ್ಯಾಸ ಕುಗ್ಗಿರುತ್ತದೆ. ಅಲ್ಲಿ ಕುಗ್ಗಿದ ಗುಂಡು ಉಳಿದ ದಾರಿಯೆಲ್ಲ ಸಡಿಲವಾಗಿ ಸಾಗುತ್ತದೆ. ಇದನ್ನು ಮಿಶ್ರಣ ಬದಲಿಸಿ ಸರಿಪಡಿಸಲಾಗದು, ಬಂದೂಕು ರಿಪೇರಿಯವರ ಕೆಲಸ.

ಹೊರಬಂದ ತುಂಡಿನ ಅತಿ ದಪ್ಪ ವ್ಯಾಸವನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ವರ್ನಿಯರ್ ಕ್ಯಾಲಿಪರ್ ಸಾಲದು, ಅದು ಒಂದು ಥೌ ತಪ್ಪಿದರೆ ಇಡೀ ಶ್ರಮ ವ್ಯರ್ಥ. ಐದು ತೋಡುಗಳ ಬ್ಯಾರಲ್ ಆದರೆ ಒಂದು ತೋಡಿಗೆ ಎದುರಾಗಿ ಇನ್ನೊಂದು ತೋಡು ಇರುವುದಿಲ್ಲ, ಸಾದಾ ಮೈಕ್ರೋಮೀಟರ್ ಕಡಿಮೆ ತೋರಿಸುತ್ತದೆ. ಅದಕ್ಕೆ ವಿ ಆಕಾರದ ಆಸರೆ ಇರುವ ಮೈಕ್ರೋಮೀಟರ್ ಬೇಕು.

ಸಿಕ್ಕ ವ್ಯಾಸಕ್ಕೆ 1 ಥೌ ಸೇರಿಸಿ, ಅದೇ ನಿಮ್ಮ ಗುಂಡಿನ ಅಳತೆ. 2 ಥೌ ಹೆಚ್ಚಾದರೂ ತೋಟಾ ಚೇಂಬರ್‌ನಲ್ಲಿ ತಡೆಯಿಲ್ಲದೆ ಕೂತರೆ ಸರಿ. ಸಾಮಾನ್ಯ ಅಳತೆಗಳು: .38 ಮತ್ತು .357ಕ್ಕೆ .358 ಇಂಚು, .45 ಎಸಿಪಿಗೆ .452, .40ಕ್ಕೆ .401, .44ಕ್ಕೆ .430 ಅಥವಾ .431, 9 ಮಿಮೀಗೆ .356ರಿಂದ .357.

ರಿವಾಲ್ವರ್‌ನಲ್ಲಿ ಬ್ಯಾರಲ್ ಅಳೆದರೆ ಸಾಕೇ?

ಸಾಲದು. ಗುಂಡು ಬ್ಯಾರಲ್ ಸೇರುವ ಮೊದಲು ಸಿಲಿಂಡರ್‌ನ ಮುಂಭಾಗದ ಕಿರಿದಾದ ದಾರಿ, ಅಂದರೆ ಥ್ರೋಟ್, ದಾಟುತ್ತದೆ. ಥ್ರೋಟ್ ಬ್ಯಾರಲ್‌ನ ತೋಡಿಗಿಂತ ಸಣ್ಣದಾಗಿದ್ದರೆ ಎಷ್ಟು ದಪ್ಪ ಗುಂಡು ಹಾಕಿದರೂ ಅದು ಅಲ್ಲೇ ಹಿಂಡಿಹೋಗಿ ಸಣಕಲಾಗಿ ಬ್ಯಾರಲ್ ಸೇರುತ್ತದೆ. ಖಾಲಿ ಸಿಲಿಂಡರ್‌ನ ಮುಂದಿನಿಂದ ಗುಂಡನ್ನು ಬೆರಳಿನಿಂದ ಒತ್ತಿ ನೋಡಿ. ತುಸು ಬಲಕ್ಕೆ ಜಾರಿದರೆ ಸರಿ, ತಾನಾಗಿ ಬಿದ್ದುಹೋದರೆ ಗುಂಡು ಸಣ್ಣ, ಬೆರಳಿಗೆ ಜಗ್ಗದಿದ್ದರೆ ದಪ್ಪ. ಆರೂ ಚೇಂಬರ್‌ಗಳನ್ನು ಪರೀಕ್ಷಿಸಿ, ಒಂದೇ ಸಿಲಿಂಡರ್‌ನಲ್ಲಿ ಅವು ಬೇರೆ ಬೇರೆ ಇರುವುದುಂಟು.

.45ರಲ್ಲಿ ಚೊಕ್ಕವಾಗಿರುವ ಮಿಶ್ರಣ 9 ಮಿಮೀನಲ್ಲಿ ಮಾತ್ರ ಏಕೆ ಮೆತ್ತುತ್ತದೆ?

ಎರಕದ ಗುಂಡಿಗೆ 9 ಮಿಮೀಯಷ್ಟು ಸತಾಯಿಸುವ ತೋಟಾ ಇನ್ನೊಂದಿಲ್ಲ. ಒತ್ತಡ ಹೆಚ್ಚು, ರೈಫ್ಲಿಂಗ್‌ನ ಸುತ್ತು ಬಿಗಿ, ಕೇಸ್ ಚಿಕ್ಕದು, ಅದರ ಗೋಡೆ ಬುಡದ ಕಡೆಗೆ ದಪ್ಪವಾಗುತ್ತ ಹೋಗುತ್ತದೆ. ನೀವು ಶ್ರದ್ಧೆಯಿಂದ .356 ಇಂಚಿಗೆ ತಂದ ಗುಂಡನ್ನು ಈ ಬಿಗಿಯಾದ ಕೇಸ್‌ಗೆ ಒತ್ತಿ ಕೂರಿಸಿದಾಗ ಹಿತ್ತಾಳೆ ಹಿಗ್ಗುವ ಬದಲು ಸೀಸವೇ ಕುಗ್ಗುತ್ತದೆ. ಹಾರುವ ಹೊತ್ತಿಗೆ ತಳ .354 ಆಗಿರುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಪರೀಕ್ಷೆ ಸರಳ. ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ತುಂಡು) ಮತ್ತು ಮದ್ದು ಇಲ್ಲದ ಕೇಸ್‌ನಲ್ಲಿ ಗುಂಡು ಕೂರಿಸಿ, ಕ್ರಿಂಪ್ ಮಾಡಿ, ಅಂದರೆ ಕೇಸ್ ಬಾಯಿಯನ್ನು ಗುಂಡಿನ ಮೇಲೆ ಒತ್ತಿ, ಸುತ್ತಿಗೆ ಮಾದರಿಯ ಪುಲ್ಲರ್‌ನಿಂದ ಹೊರತೆಗೆದು ತಳವನ್ನು ಅಳೆಯಿರಿ. ಕೂರಿಸುವ ಮೊದಲಿನ ಅಳತೆಗೂ ಇದಕ್ಕೂ ಅರ್ಧ ಥೌಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಾರಣ ಇಲ್ಲೇ ಇದೆ.

ಪರಿಹಾರ ಮೂರು ಕಡೆ ಸಿಗುತ್ತದೆ. ಮೊದಲನೆಯದು ಎಕ್ಸ್‌ಪಾಂಡರ್. ತೋಟಾ ತುಂಬುವ ಡೈ ಸೆಟ್ ಜೊತೆ ಬರುವ, ಕೇಸ್ ಬಾಯಿ ಹಿಗ್ಗಿಸುವ ಈ ಕಡ್ಡಿ ತಾಮ್ರದ ಹೊದಿಕೆಯ ಗುಂಡಿಗೆಂದು ಮಾಡಿದ್ದು, ಸಣ್ಣದು, ಗಿಡ್ಡದು. ಎರಕದ ಗುಂಡಿಗೆಂದೇ ಮಾಡಿದ, ಒಂದೆರಡು ಥೌ ದಪ್ಪನೆಯ, ಗುಂಡು ಇಳಿಯುವ ಆಳದವರೆಗೂ ಹೋಗುವ ಕಡ್ಡಿ ಹಾಕಿ. ಎರಡನೆಯದು ಕ್ರಿಂಪ್. ಟೇಪರ್ ಕ್ರಿಂಪ್‌ನ ಕೆಲಸ ಬಾಯಿಯ ಹಿಗ್ಗನ್ನು ನೇರ ಮಾಡುವುದಷ್ಟೇ, ಗುಂಡನ್ನು ಹಿಸುಕುವುದಲ್ಲ. ಗುಂಡಿನ ನಡುವನ್ನೂ ಹಿಂಡುವ ಕಾರ್ಬೈಡ್ ಉಂಗುರದ ಕ್ರಿಂಪ್ ಡೈಗಳನ್ನು ಎರಕದ ಗುಂಡಿಗೆ ಬಳಸಬೇಡಿ. ಇವೆರಡನ್ನೂ ಮಾಡಿದ ಮೇಲೆ ಮೂರನೆಯದು ಗಡಸುತನ: 10ರಲ್ಲಿದ್ದರೆ 14ಕ್ಕೆ ಏರಿಸಿ, ಕೇಸ್ ಹಿಂಡುವುದನ್ನು ಅದು ತಕ್ಕಮಟ್ಟಿಗೆ ತಡೆಯುತ್ತದೆ. ಪಿಸ್ತೂಲಿನಲ್ಲಿ ಹೆಚ್ಚು ಗಡಸುತನ ನಿಜವಾಗಿ ನೆರವಾಗುವ ಕೆಲವೇ ಕಡೆಗಳಲ್ಲಿ ಇದೊಂದು.

ಸೀಸ ಎಲ್ಲಿ ಮೆತ್ತಿದೆ ಎಂಬುದರಿಂದ ಕಾರಣ ತಿಳಿಯಬಹುದೇ?

ಬಹುಮಟ್ಟಿಗೆ. ಚೇಂಬರ್‌ನ ಮುಂದೆಯೇ, ಬ್ಯಾರಲ್‌ನ ಮೊದಲ ಎರಡು ಮೂರು ಸೆಂಮೀನಲ್ಲಿ ಮೆತ್ತಿದ್ದರೆ ಗುಂಡು ಸಣ್ಣದು, ಅಥವಾ ಆ ಒತ್ತಡಕ್ಕೆ ಅತಿ ಗಡಸು. ಬಾಯಿಯ ಹತ್ತಿರ ಮಾತ್ರ ಇದ್ದರೆ ಗುಂಡಿಗೆ ಹಚ್ಚಿದ ಜಾರುಮೇಣ ದಾರಿಯಲ್ಲೇ ಮುಗಿದಿದೆ. ಏಣುಗಳ ಒಂದೇ ಅಂಚಿನುದ್ದಕ್ಕೂ ಗೆರೆಯಂತೆ ಕಂಡರೆ ಗುಂಡು ಜಾರುತ್ತಿದೆ: ಅತಿ ಮೆದು, ಇಲ್ಲವೇ ಅತಿ ವೇಗ. ಅಲ್ಲಲ್ಲಿ ಚುಕ್ಕೆಯಾಗಿ ಹರಡಿದ್ದರೆ ಬ್ಯಾರಲ್‌ನ ಒಳಮೈ ಒರಟು. ಹಾರಿಸಿದ ಗುಂಡು ಕೈಗೆ ಸಿಕ್ಕರೆ ಅದರ ತಳದ ಅಂಚು ನೋಡಿ. ಅಲ್ಲಿ ಕೊರೆದಂಥ ಗೀರುಗಳಿದ್ದರೆ ಅನಿಲ ನುಗ್ಗಿದ್ದಕ್ಕೆ ಬೇರೆ ಸಾಕ್ಷಿ ಬೇಡ.

ಮನೆಯಲ್ಲೇ ಗಡಸುತನ ಅಳೆಯುವುದು ಹೇಗೆ?

ರೀಲೋಡಿಂಗ್ ಪ್ರೆಸ್‌ಗೆ ಕೂರುವ ಲೀ ಕಂಪನಿಯ ಪರೀಕ್ಷಕ ಹೆಚ್ಚು ಬಳಕೆಯಲ್ಲಿದೆ. 5/32 ಇಂಚಿನ ಗೋಲಿ, 60 ಪೌಂಡ್ ಭಾರ, 30 ಸೆಕೆಂಡು. ಗುಳಿಯ ಅಗಲವನ್ನು ಜೊತೆಗೆ ಬರುವ ಪುಟ್ಟ ಸೂಕ್ಷ್ಮದರ್ಶಕದಲ್ಲಿ ಓದಬೇಕು. .050 ಇಂಚು ಬಂದರೆ ಸುಮಾರು 21 ಬಿಎಚ್‌ಎನ್, .060 ಬಂದರೆ 14, .066 ಬಂದರೆ 12ಕ್ಕೆ ತುಸು ಕಡಿಮೆ, .072 ಬಂದರೆ 10ಕ್ಕೆ ತುಸು ಕಡಿಮೆ. ಆರು ಥೌ ವ್ಯತ್ಯಾಸಕ್ಕೆ ಎರಡು ಮೂರು ಅಂಶ ಬದಲಾಗುವುದರಿಂದ ಓದುವಾಗ ಕೈ ನಡುಗಬಾರದು. ಸೂಕ್ಷ್ಮದರ್ಶಕವನ್ನು ಕೈಯಲ್ಲಿ ಹಿಡಿಯದೆ ಸಣ್ಣ ಸ್ಟ್ಯಾಂಡಿಗೆ ಕಟ್ಟಿ, ಗುಂಡನ್ನು ವಿ ಆಕಾರದ ತೊಟ್ಟಿಲಲ್ಲಿ ಇಡಿ. ಗುಂಡಿನ ಮೇಲೆ ಮೊದಲು ಅರದಿಂದ ಚಪ್ಪಟೆ ಜಾಗ ಮಾಡಿಕೊಳ್ಳಿ. ಮೂರು ಗುಂಡು ಅಳೆದು ಸರಾಸರಿ ತೆಗೆಯಿರಿ.

ಸಾಧನವಿಲ್ಲದವರಿಗೆ ಚಿತ್ರ ಬರೆಯುವ ಪೆನ್ಸಿಲ್‌ಗಳ ಸೆಟ್ ಇದೆ. ಮರವನ್ನಷ್ಟೇ ಹೆರೆದು, ಕಡ್ಡಿಯ ತುದಿಯನ್ನು ಮರಳು ಕಾಗದದ ಮೇಲೆ ಚಪ್ಪಟೆ ಮಾಡಿ, 45 ಡಿಗ್ರಿಯಲ್ಲಿ ಹಿಡಿದು ಸೀಸದ ಮೇಲೆ ಮುಂದಕ್ಕೆ ತಳ್ಳಿ. ಮೆದು ಪೆನ್ಸಿಲ್ ಜಾರುತ್ತದೆ, ಗಡಸು ಪೆನ್ಸಿಲ್ ಸೀಸವನ್ನು ಕೆತ್ತುತ್ತದೆ. ಕೆತ್ತಲು ಶುರುವಾಗುವ ಪೆನ್ಸಿಲ್ ಯಾವುದೋ ಅದೇ ನಿಮ್ಮ ಗುರುತು. ಪೆನ್ಸಿಲ್‌ಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಗುತ್ತವೆ, ಆದ್ದರಿಂದ ಶುದ್ಧ ಸೀಸ ಮತ್ತು ಲೈನೋಟೈಪ್‌ನಂಥ ಗೊತ್ತಾದ ಮಾದರಿಗಳ ಮೇಲೆ ನಿಮ್ಮದೇ ಸೆಟ್ ಪರೀಕ್ಷಿಸಿ ಪಟ್ಟಿ ಬರೆದಿಟ್ಟುಕೊಳ್ಳಿ.

ನಿನ್ನೆ ಎರಕ ಹೊಯ್ದ ಗುಂಡು 9 ತೋರಿಸಿತು, ಇವತ್ತು 10. ಪರೀಕ್ಷಕ ಕೆಟ್ಟಿದೆಯೇ?

ಇಲ್ಲ. ಆಂಟಿಮನಿ ಇರುವ ಮಿಶ್ರಣ ತಣಿದ ಮೇಲೂ ದಿನದಿಂದ ದಿನಕ್ಕೆ ಗಡಸಾಗುತ್ತದೆ. ಎರಡು ವಾರ ಬಿಟ್ಟು ಅಳೆಯಿರಿ.

ಮಿಶ್ರಣದ ಲೆಕ್ಕ ಹಾಕುವುದು ಹೇಗೆ?

ಗಾಳಿಯಲ್ಲಿ ತಣಿಸಿದ ಮಿಶ್ರಣಕ್ಕೆ ಒಂದು ಅಂದಾಜು ಸೂತ್ರವಿದೆ: ಬಿಎಚ್‌ಎನ್ = 8.60 + (0.29 × ತವರದ ಶೇಕಡಾ) + (0.92 × ಆಂಟಿಮನಿಯ ಶೇಕಡಾ). ಆಂಟಿಮನಿ ತವರಕ್ಕಿಂತ ಮೂರು ಪಟ್ಟು ಗಡಸು ಮಾಡುತ್ತದೆ ಎಂಬುದು ಇದರಲ್ಲೇ ಇದೆ. ಶುದ್ಧ ಸೀಸಕ್ಕೆ ಈ ಸೂತ್ರ ಹೊಂದುವುದಿಲ್ಲ. ಅದು 8.6 ಎನ್ನುತ್ತದೆ, ನಿಜ 5.

ಕೈಗೆಟುಕುವ ಮೂರು ಮಿಶ್ರಣಗಳು ಪಿಸ್ತೂಲಿನ ಬಹುತೇಕ ಅಗತ್ಯ ತೀರಿಸುತ್ತವೆ. ಹಗುರ ತೋಟಾಗಳಿಗೆ 5 ಕೆಜಿ ಕ್ಲಿಪ್ ವೀಲ್ ವೇಟ್, 5 ಕೆಜಿ ಮೆದು ಸೀಸ, 200 ಗ್ರಾಂ ತವರ. ವೀಲ್ ವೇಟ್‌ನಲ್ಲಿ ಆಂಟಿಮನಿ ಸುಮಾರು ಶೇ. 3 ಇದ್ದರೆ ಇದು 10ರಿಂದ 10.5ಕ್ಕೆ ನಿಲ್ಲುತ್ತದೆ. .45 ಎಸಿಪಿಗೆ, ಹದವಾದ .357ಕ್ಕೆ 10 ಕೆಜಿ ವೀಲ್ ವೇಟ್ ಜೊತೆ 150 ಗ್ರಾಂ ತವರ, ಸುಮಾರು 12. 9 ಮಿಮೀಗೆ 5 ಕೆಜಿ ಲೈನೋಟೈಪ್, 5 ಕೆಜಿ ಶುದ್ಧ ಸೀಸ. ಲೈನೋಟೈಪ್‌ನ 84-12-4 ಅರ್ಧಕ್ಕೆ ಇಳಿದು ಸರಿಯಾಗಿ 92-6-2 ಆಗುತ್ತದೆ, ಅಂದರೆ ಹಾರ್ಡ್‌ಬಾಲ್. ಸೂತ್ರದಂತೆ 14.7. ಲೈನೋಟೈಪ್ ಈಗ ಸುಲಭಕ್ಕೆ ಸಿಗುವ ವಸ್ತುವಲ್ಲ, ಹಾಗೇ ಗುಂಡು ಮಾಡಿ ಮುಗಿಸುವುದು ಅನ್ಯಾಯ.

ಶುದ್ಧ ಆಂಟಿಮನಿಯ ಹರಳುಗಳನ್ನು ಸೀಸಕ್ಕೆ ಹಾಕಿ ಕಲಕಿದರೆ ಆದೀತೆಂದು ನಂಬಬೇಡಿ. ಅದು ಕರಗುವುದು 631 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಕದ ಪಾತ್ರೆ ಅಷ್ಟು ಕಾಯುವುದಿಲ್ಲ, ಕಾಯಿಸಲೂ ಬಾರದು. ಮೊದಲೇ ಬೆರೆಸಿದ ಆಂಟಿಮನಿ-ಸೀಸದ ಗಟ್ಟಿ ತಂದು ಅದನ್ನು ತೆಳುಗೊಳಿಸಿ.

ತವರ ಎಷ್ಟು ಹಾಕಬೇಕು?

ಶೇ. 2. ತವರದ ಮುಖ್ಯ ಕೆಲಸ ಕರಗಿದ ಲೋಹದ ಮೇಲ್ಮೈ ಎಳೆತ ತಗ್ಗಿಸಿ ಅಚ್ಚಿನ ಮೂಲೆಮೂಲೆಗೂ ಅದು ಹರಿಯುವಂತೆ ಮಾಡುವುದು. ಗುಂಡಿನ ತಳದ ಅಂಚು ದುಂಡಗಾಗದೆ ಚೂಪಾಗಿ ಬರುವುದು ಇದರಿಂದ. ಶೇ. 2-3 ದಾಟಿದ ಮೇಲೆ ಹಾಕಿದ್ದು ಹಣ ಕರಗಿಸಿದಂತೆ. ತಲೆಯಲ್ಲಿ ಕುಳಿ ಇದ್ದು ಬಡಿದಾಗ ಅರಳುವ, ಅಂದರೆ ಹಾಲೋ ಪಾಯಿಂಟ್ ಗುಂಡು ಮಾತ್ರ ಅಪವಾದ. ಅಲ್ಲಿ ಆಂಟಿಮನಿ ಒಡೆಯುವ ಗುಣ ತರುವುದರಿಂದ 20ಕ್ಕೆ 1 ಅಥವಾ 30ಕ್ಕೆ 1ರ ಬರೀ ತವರ-ಸೀಸ ಒಳ್ಳೆಯದು.

ಮಿಶ್ರಣ ಬದಲಾದರೆ ಅಳತೆಯೂ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. ಅದೇ ಅಚ್ಚಿನಿಂದ ಶುದ್ಧ ಸೀಸದ ಗುಂಡು ಸಣ್ಣದಾಗಿ, ಭಾರವಾಗಿ ಬೀಳುತ್ತದೆ. ಆಂಟಿಮನಿ ಹೆಚ್ಚಿರುವುದು ದಪ್ಪವಾಗಿ, ಹಗುರಾಗಿ ಬೀಳುತ್ತದೆ. "ಮೆದು ಮಾಡಿದೆ, ಸೀಸ ಮೆತ್ತಿತು" ಎನ್ನುವವರಲ್ಲಿ ಅನೇಕರ ಗುಂಡು ಮೆದುವಾದದ್ದಷ್ಟೇ ಅಲ್ಲ, ಗೊತ್ತಿಲ್ಲದೆ ಒಂದು ಥೌ ಸಣ್ಣದೂ ಆಗಿರುತ್ತದೆ.

ಪಾತ್ರೆಯಲ್ಲಿ ಲೋಹ ಗಂಜಿಯಂತೆ ಗಡ್ಡೆಗಡ್ಡೆಯಾಗಿದೆ, ಅಚ್ಚು ತುಂಬುತ್ತಿಲ್ಲ. ಏನಾಯಿತು?

ಸತು ಸೇರಿರುವ ಸಂಭವ ಹೆಚ್ಚು. ಹೊಸ ವೀಲ್ ವೇಟ್‌ಗಳಲ್ಲಿ ಸತುವಿನವೂ ಉಕ್ಕಿನವೂ ಬೆರೆತಿರುತ್ತವೆ. ಸತುವಿನ ಮೇಲೆ ಹಲವು ಸಲ ಝಡ್‌ಎನ್, ಉಕ್ಕಿನ ಮೇಲೆ ಎಫ್ಇ ಎಂದು ಒತ್ತಿರುತ್ತದೆ. ಸೈಡ್ ಕಟರ್‌ನಿಂದ ಕಚ್ಚಿ ನೋಡಿ: ಸೀಸ ಸುಲಭವಾಗಿ ತಗ್ಗುತ್ತದೆ, ಸತು ಜಗ್ಗುವುದಿಲ್ಲ. ಸತು ಕರಗುವುದು 419.5 ಡಿಗ್ರಿಯಲ್ಲಿ, ಸೀಸ 327.5ರಲ್ಲಿ. ಪಾತ್ರೆಯಲ್ಲಿ ಥರ್ಮಾಮೀಟರ್ ಇಟ್ಟು 360-370 ಡಿಗ್ರಿ ದಾಟದಂತೆ ನೋಡಿಕೊಂಡರೆ ಕಣ್ತಪ್ಪಿ ಬಿದ್ದ ಸತುವಿನ ತುಂಡು ಕರಗದೆ ತೇಲುತ್ತದೆ, ಸೌಟಿನಿಂದ ತೆಗೆದುಬಿಡಬಹುದು. ಒಮ್ಮೆ ಚೆನ್ನಾಗಿ ಬೆರೆತರೆ ಆ ಲೋಹವನ್ನು ಗುಂಡಿಗೆ ಬಿಟ್ಟುಬಿಡುವುದೇ ವಾಸಿ.

ಅಚ್ಚಿನಿಂದ ನೇರ ನೀರಿಗೆ ಹಾಕಿ ಗಡಸು ಮಾಡುತ್ತಾರಲ್ಲ?

ಆಗುತ್ತದೆ, ಆಂಟಿಮನಿಯ ಜೊತೆ ಅತಿ ಸ್ವಲ್ಪ ಆರ್ಸೆನಿಕ್ ಇದ್ದರೆ. ವೀಲ್ ವೇಟ್‌ನಲ್ಲಿ ಅದು ಇರುವುದರಿಂದ ಗಾಳಿಯಲ್ಲಿ 12 ಬರುವ ಗುಂಡು ನೀರಿಗೆ ಬಿದ್ದರೆ 18ರಿಂದ 20 ದಾಟುತ್ತದೆ. ಬರೀ ತವರ-ಸೀಸಕ್ಕೆ ಇದರಿಂದ ಏನೂ ಆಗದು. ಸಮನಾದ ಫಲ ಬೇಕೆಂದರೆ ಓವನ್‌ನಲ್ಲಿ ಸುಮಾರು 230 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ತೆಗೆದ ಕೂಡಲೇ ನೀರಿಗೆ ಇಳಿಸಿ. ಅದಕ್ಕಿಂತ ಮೇಲೆ ಹೋದರೆ ಗುಂಡುಗಳು ಕುಸಿಯತೊಡಗುತ್ತವೆ. ಈ ಓವನ್‌ನಲ್ಲಿ ಮತ್ತೆಂದೂ ಆಹಾರ ಮಾಡಬಾರದು. ಗುಂಡನ್ನು ಸರಿಯಾದ ವ್ಯಾಸಕ್ಕೆ ತರುವ ಸೈಜಿಂಗ್ ಡೈ ಮೂಲಕ ತಳ್ಳುವ ಕೆಲಸ ಮೊದಲೇ ಮುಗಿಸಿ. ಗಡಸು ಮಾಡಿದ ಮೇಲೆ ತಳ್ಳಿದರೆ ಹಿಂಡಿದ ಮೈ ಮತ್ತೆ ಮೆದುವಾಗುತ್ತದೆ.

ಇಷ್ಟೆಲ್ಲ ಹೇಳಿದರೂ, ಪಿಸ್ತೂಲಿಗೆ ಇದರ ಅಗತ್ಯ ಕಡಿಮೆ. ಮ್ಯಾಗ್ನಮ್ ರಿವಾಲ್ವರ್‌ಗೂ ಮೊದಲು ಅಳತೆ ಸರಿಮಾಡಿ ನೋಡಿ.

ಪೌಡರ್ ಕೋಟಿಂಗ್ ಮಾಡಿದರೆ ಗಡಸುತನದ ಚಿಂತೆ ಬಿಡಬಹುದೇ?

ಅರ್ಧ ಬಿಡಬಹುದು. ಪಾಲಿಯೆಸ್ಟರ್ ಪುಡಿಯನ್ನು 200 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿದರೆ ಗುಂಡಿಗೆ ಗಟ್ಟಿ ಪದರ ಬರುತ್ತದೆ, ಜಾರುಮೇಣ ಬೇಡ, ಹೊಗೆ ಕಡಿಮೆ, 10ರ ಗುಂಡೂ 9 ಮಿಮೀನಲ್ಲಿ ಚೊಕ್ಕವಾಗಿ ಓಡುವುದುಂಟು. ಪದರ ವ್ಯಾಸಕ್ಕೆ ಎರಡು ಥೌಗಳಷ್ಟು ಸೇರಿಸುತ್ತದೆ, ಆದ್ದರಿಂದ ಕೊನೆಯ ಸೈಜಿಂಗ್ ಪದರ ಬಂದ ಮೇಲೆ. ನೀರಿನಲ್ಲಿ ಗಡಸು ಮಾಡಿದ್ದ ಗುಂಡು ಈ ಬಿಸಿಗೆ ಮತ್ತೆ ಮೆದುವಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಸಣ್ಣ ಗುಂಡನ್ನು ಪದರ ದೊಡ್ಡದು ಮಾಡಬಲ್ಲದು, ಆದರೆ ಬಿಗಿಯಾದ ಕೇಸ್ ಹಿಂಡುವುದನ್ನು ಅದೂ ತಡೆಯಲಾರದು.

ಅಂಗಡಿಯ ಎರಕದ ಗುಂಡುಗಳು ಯಾವಾಗಲೂ ಅಷ್ಟು ಗಡಸೇಕೆ?

92-6-2 ಯಂತ್ರಗಳಲ್ಲಿ ಸಲೀಸಾಗಿ ಹರಿಯುತ್ತದೆ, ಪೆಟ್ಟಿಗೆಯಲ್ಲಿ ಒಂದಕ್ಕೊಂದು ಬಡಿದರೂ ಗುಂಡು ನೆಗ್ಗುವುದಿಲ್ಲ. ಗಟ್ಟಿ ಮೇಣವೂ ಅದಕ್ಕೇ, ಸಾಗಾಟದಲ್ಲಿ ಉದುರದಿರಲಿ ಎಂದು. ನಿಮ್ಮ ಹಗುರ ತೋಟಾದಲ್ಲಿ ಆ ಮೇಣ ಕರಗಿ ಹರಿಯುವಷ್ಟು ಬಿಸಿಯೂ ಒತ್ತಡವೂ ಸಿಗದಿರಬಹುದು. ಅಂಥ ಗುಂಡು ಮೆತ್ತಿದರೆ ಒಂದು ಥೌ ದಪ್ಪದ್ದನ್ನು ಕೊಂಡು ನೋಡಿ. ನೀವೇ ಮೇಣ ಹಾಕುವುದಾದರೆ ಜೇನುಮೇಣ ಅರ್ಧ, ಆಲಾಕ್ಸ್ ಎಂಬ ಜಾರುಕ ಅರ್ಧ ಬೆರೆಸಿದ ಮೆದು ಮೇಣ ಪಿಸ್ತೂಲಿನ ವೇಗಕ್ಕೆ ಧಾರಾಳ ಸಾಕು.

ಗ್ಯಾಸ್ ಚೆಕ್?

ಗುಂಡಿನ ತಳಕ್ಕೆ ಕೂರುವ ಪುಟ್ಟ ತಾಮ್ರದ ಬಟ್ಟಲು. ಅದಕ್ಕೆಂದೇ ಮೆಟ್ಟಿಲು ಬಿಟ್ಟ ಅಚ್ಚು ಬೇಕು. ಸೆಕೆಂಡಿಗೆ 400 ಮೀಟರ್ ಮುಟ್ಟುವ ಮ್ಯಾಗ್ನಮ್ ತೋಟಾಗಳಿಗೆ ಉಪಯುಕ್ತ, ಉಳಿದವಕ್ಕೆ ಬೇಡ.

ಬಹುಭುಜ ರೈಫ್ಲಿಂಗ್ ಇರುವ ಬ್ಯಾರಲ್‌ನಲ್ಲಿ ಎರಕದ ಗುಂಡು ಹಾರಿಸಬಹುದೇ?

ಚೂಪು ತೋಡುಗಳ ಬದಲು ದುಂಡಂಚಿನ ಬಹುಭುಜ ಆಕಾರದ ಒಳಮೈ ಇರುವ ಇಂಥ ಬ್ಯಾರಲ್‌ನ ಗ್ಲಾಕ್ ಪಿಸ್ತೂಲುಗಳಿಗೆ ಹೊದಿಕೆಯಿಲ್ಲದ ಸೀಸ ಬೇಡವೆಂದು ತಯಾರಕರೇ ಹೇಳುತ್ತಾರೆ. ಆ ಮಾತಿಗೆ ಬೆಲೆ ಕೊಡಿ. ಸಾದಾ ರೈಫ್ಲಿಂಗ್‌ನ ಬದಲಿ ಬ್ಯಾರಲ್ ಹಾಕಿಕೊಳ್ಳುವುದು ನಂಬಿಕೆಯ ದಾರಿ.

ಮೆತ್ತಿದ ಸೀಸ ತೆಗೆಯಲು ಕೊನೆಗೆ ಹತ್ತು ಹೊದಿಕೆಯ ಗುಂಡು ಹಾರಿಸಿದರೆ ಸಾಕಂತೆ?

ಬೇಡ. ಮೆತ್ತಿದ ಬ್ಯಾರಲ್ ಕಿರಿದಾಗಿರುತ್ತದೆ, ಗಟ್ಟಿ ಗುಂಡು ಅದರಲ್ಲಿ ತೂರುವಾಗ ಒತ್ತಡ ಏರಬಹುದು. ಹಳೆಯ ಬ್ರಷ್‌ಗೆ ಅಪ್ಪಟ ತಾಮ್ರದ ನಾರು ಸುತ್ತಿ ಒಣದಾಗಿ ಹತ್ತಿಪ್ಪತ್ತು ಸಲ ಎಳೆದರೆ ಸೀಸ ಎಳೆಎಳೆಯಾಗಿ ಬರುತ್ತದೆ. ನಾರು ಉಕ್ಕಿನ ಮೇಲೆ ತಾಮ್ರ ಲೇಪಿಸಿದ್ದಲ್ಲ ಎಂದು ಅಯಸ್ಕಾಂತ ಹಿಡಿದು ನೋಡಿ.

ಗಡಸುತನ ಬದಲಿಸಿದರೆ ಮದ್ದಿನ ತೂಕವನ್ನೂ ಬದಲಿಸಬೇಕೇ?

ಗುಂಡಿನ ಮಾದರಿ, ತೂಕ, ಮಿಶ್ರಣ, ಕೂರಿಸುವ ಆಳ ಇವುಗಳಲ್ಲಿ ಯಾವುದು ಬದಲಾದರೂ ಪ್ರಕಟಿತ ಲೋಡ್ ಪುಸ್ತಕದ ಆರಂಭಿಕ ತೂಕಕ್ಕೆ ಇಳಿದು ಮತ್ತೆ ಮೇಲೆ ಬನ್ನಿ. ಅದೂ ಎರಕದ ಗುಂಡಿಗೆಂದು ಕೊಟ್ಟ ಅಂಕಿಗಳನ್ನೇ ನೋಡಿ. ಇವುಗಳಲ್ಲಿ ಆಳವೇ ಹೆಚ್ಚು ಅಪಾಯಕಾರಿ. 9 ಮಿಮೀನ ಚಿಕ್ಕ ಕೇಸ್‌ನಲ್ಲಿ ಗುಂಡು ಅರ್ಧ ಮಿಮೀ ಹೆಚ್ಚು ಇಳಿದರೂ ಒತ್ತಡ ಜಿಗಿಯುತ್ತದೆ. ತಳ ಟೊಳ್ಳಾದ, ಮೂತಿ ಚಪ್ಪಟೆಯಾದ 148 ಗ್ರೇನ್ (ಸುಮಾರು 9.6 ಗ್ರಾಂ) ವಾಡ್‌ಕಟರ್ ಗುಂಡುಗಳನ್ನು ಹಗುರ ತೋಟಾದಲ್ಲಷ್ಟೇ ಬಳಸಿ. ಬಲ ಹೆಚ್ಚಿಸಿದರೆ ತೆಳು ಅಂಚು ಹರಿದು ಬ್ಯಾರಲ್‌ನಲ್ಲೇ ಉಳಿಯಬಹುದು.

ಎರಕ ಹೊಯ್ಯುವಾಗ ಜೀವಕ್ಕೆ ಅಪಾಯ ಎಲ್ಲಿಂದ?

ಮೊದಲು ನೀರು. ಕರಗಿದ ಸೀಸದ ಅಡಿಗೆ ಒಂದು ಹನಿ ಸೇರಿದರೂ ಅದು ಕ್ಷಣದಲ್ಲಿ ಆವಿಯಾಗಿ ಲೋಹವನ್ನೆಲ್ಲ ಮುಖಕ್ಕೆ ಎರಚುತ್ತದೆ. ತಣ್ಣನೆಯ ಗಟ್ಟಿಗಳನ್ನು ತುಂಬಿದ ಪಾತ್ರೆಗೆ ಹಾಕುವ ಮೊದಲು ಅಂಚಿನ ಮೇಲಿಟ್ಟು ಕಾಯಿಸಿ, ಗುಂಡು ಬೀಳಿಸುವ ನೀರಿನ ಬಕೆಟ್ ಪಾತ್ರೆಯಿಂದ ದೂರ, ನೆಲದ ಮೇಲೆ ಇರಲಿ. ಮುಖದ ಕವಚ, ಚರ್ಮದ ಕೈಗವಸು, ಮುಚ್ಚಿದ ಶೂ, ಹತ್ತಿಯ ಉದ್ದ ತೋಳಿನ ಅಂಗಿ ಹಾಕಿ. ಸಿಂಥೆಟಿಕ್ ಬಟ್ಟೆ ಚರ್ಮಕ್ಕೆ ಕರಗಿ ಅಂಟುತ್ತದೆ.

ಆಮೇಲೆ ಸೀಸದ ವಿಷ. ಎರಕದ ಬಿಸಿಯಲ್ಲಿ ಸೀಸದ ಆವಿಗಿಂತ ಮೇಲೆ ಕಟ್ಟುವ ಬೂದು ಕಿಟ್ಟದ ಪುಡಿ ಹೆಚ್ಚು ಕೆಟ್ಟದ್ದು. ಅದನ್ನು ಒಣದಾಗಿ ಗುಡಿಸಬೇಡಿ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಗುರುತು ಬರೆದಿಡಿ. ಗಾಳಿ ಆಡುವ ಜಾಗದಲ್ಲಿ ಕೆಲಸ ಮಾಡಿ, ನಡುವೆ ತಿನ್ನುವುದು, ಕುಡಿಯುವುದು, ಬೀಡಿ-ಸಿಗರೇಟು ಬೇಡ. ಮುಗಿದ ಮೇಲೆ ತಣ್ಣೀರು, ಸೋಪಿನಲ್ಲಿ ಕೈತೊಳೆದು ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮಕ್ಕಳು, ಗರ್ಭಿಣಿಯರು ಆ ಜಾಗಕ್ಕೆ ಬರಲೇಬಾರದು. ನಿಯಮಿತವಾಗಿ ಎರಕ ಹೊಯ್ಯುವವರು ವರ್ಷಕ್ಕೊಮ್ಮೆ ರಕ್ತದ ಸೀಸದ ಪರೀಕ್ಷೆ ಮಾಡಿಸಲಿ.

ವಾಹನದ ಬ್ಯಾಟರಿ ಒಡೆದು ಸೀಸ ತೆಗೆಯುವ ಆಸೆ ಬೇಡವೇ ಬೇಡ. ಫಲಕಗಳಲ್ಲಿ ಆಮ್ಲ ಉಳಿದಿರುತ್ತದೆ, ಅವುಗಳಲ್ಲಿನ ಆರ್ಸೆನಿಕ್ ಮತ್ತು ಆಂಟಿಮನಿಯಿಂದ ಆರ್ಸೀನ್, ಸ್ಟಿಬೀನ್ ಎಂಬ ಮಾರಕ ಅನಿಲಗಳು ಹುಟ್ಟಬಹುದು.

ಗಟ್ಟಿಗಳು ರಾಶಿ ಬಿದ್ದಿವೆ, ಯಾವುದು ಯಾವ ಮಿಶ್ರಣ ಎಂದು ಮರೆತಿದೆ. ಏನು ಮಾಡಲಿ?

ಪ್ರತಿ ರಾಶಿಯಿಂದ ಒಂದೊಂದು ಗಟ್ಟಿ ಅಳೆದು, ಹತ್ತಿರದ ಸಂಖ್ಯೆಯವನ್ನು ಒಟ್ಟಿಗೆ ಸೇರಿಸಿ. ಒಂದೊಂದು ಗುಂಪಿನದನ್ನೆಲ್ಲ ನಿಮ್ಮಲ್ಲಿರುವ ಅತಿ ದೊಡ್ಡ ಪಾತ್ರೆಯಲ್ಲಿ ಒಂದೇ ಸಲ ಕರಗಿಸಿ, ಮರದ ಹೊಟ್ಟು ಹಾಕಿ ಕಲಕಿ ಕಿಟ್ಟ ತೆಗೆದು ಮತ್ತೆ ಗಟ್ಟಿ ಹೊಯ್ಯಿರಿ. ಐದು ಕೆಜಿಯ ಹತ್ತು ಸಲದ ಮಿಶ್ರಣಕ್ಕಿಂತ ಐವತ್ತು ಕೆಜಿಯ ಒಂದು ಸಲದ್ದು ಮೇಲು, ಒಂದು ಇಡೀ ವರ್ಷ ಗುಂಡಿನ ಅಳತೆಯೂ ತೂಕವೂ ಗಡಸುತನವೂ ಕದಲುವುದಿಲ್ಲ. ಎರಡು ವಾರ ಬಿಟ್ಟು ಅಳೆದು, ಬಂದ ಸಂಖ್ಯೆಯನ್ನು ಉಕ್ಕಿನ ಅಂಕಿ ಪಂಚ್‌ನಿಂದ ಪ್ರತಿ ಗಟ್ಟಿಯ ಮೇಲೂ ಹೊಡೆಯಿರಿ. ಮಾರ್ಕರ್ ಪೆನ್ನಿನ ಬರಹ ಆರು ತಿಂಗಳಲ್ಲಿ ಅಳಿಸಿಹೋಗಿರುತ್ತದೆ.